ಇಪ್ಪತ್ತೊಂಬತ್ತು ಸ್ಥಾನಗಳ ಒಂದು ಸಂಖ್ಯೆ

ಚನ್ನರಾಯಪಟ್ಟಣದ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳಕ್ಕೆ ಹೋಗಿಬಂದವರನ್ನು ಅಲ್ಲಿ ಕಂಡುದೇನೆಂದು ಕೇಳಿದರೆ, ದೊಡ್ಡಬೆಟ್ಟದ ಮೆಟ್ಟಿಲುಗಳನ್ನೂ, ನೆತ್ತಿಯ ಮೇಲೆ ನಿಂತಿರುವ 58 ಅಡಿಗಳ ಗೊಮ್ಮಟಮೂರ್ತಿಯನ್ನೂ, ಊರ ನಡುವಣ ಕಲ್ಯಾಣಿಯನ್ನೂ ಹೇಳುವರು. ಆ ಮೂರ್ತಿಯನ್ನು ಕಡೆಯಿಸಿದ ಗಂಗರ ಮಂತ್ರಿ ಚಾವುಂಡರಾಯನ ಹೆಸರು ಎಲ್ಲರಿಗೂ ವಿದಿತವೇ ಇದೆ. ಪ್ರತಿಷ್ಠೆಯು 981ರಲ್ಲಿ ನಡೆಯಿತೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಆದರೆ ಅದೇ ಕಾಲದಲ್ಲಿ, ಅದೇ ಚಾವುಂಡರಾಯನ ನಿಮಿತ್ತವಾಗಿ ಹುಟ್ಟಿದ ಇನ್ನೊಂದು ಕಟ್ಟಡವುಂಟು. ಅದು ಕಲ್ಲಿನದಲ್ಲ, ಮಾತಿನದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ರಚಿಸಿದ 'ಗೊಮ್ಮಟಸಾರ'ವೇ ಅದು. ಗೊಮ್ಮಟನೆಂಬುದು ಚಾವುಂಡರಾಯನಿಗೇ ಇದ್ದ ಹೆಸರು. ಗ್ರಂಥಕ್ಕೆ ಆ ಹೆಸರು ಬಂದುದು ಅವನಿಂದಲೇ. ಬೆಟ್ಟವನ್ನು ಹತ್ತಿದವರಲ್ಲಿ ಸಾವಿರಕ್ಕೊಬ್ಬರೂ ಈ ಗ್ರಂಥದ ಒಂದು ಓಲೆಯನ್ನಾದರೂ ನೋಡಿರಲಾರರು. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಬೆಟ್ಟವನ್ನು ಹತ್ತುವುದಕ್ಕೆ ಕಾಲು ಸಾಕು, ಈ ಗ್ರಂಥಕ್ಕೆ ಪ್ರಾಕೃತವೂ ಬೇಕು, ಗಣಿತವೂ ಬೇಕು, ಸಾಲದುದಕ್ಕೆ ಬಿಡುವೂ ಬೇಕು.

ಅದರ ಜೀವಕಾಂಡದಲ್ಲಿ ಒಂದು ಗಾಹೆಯಿದೆ. ಮೊದಲ ಸಲ ಕೇಳಿದವರಿಗೆ ಅದರಲ್ಲಿ ಯಾವ ಅರ್ಥಸಾಂಗತ್ಯವೂ ತೋರದು. ಹೊಗೆ, ಬಂಡೆ, ಕಳ್ಳ, ಭಯ, ಮೇರು ಎಂಬಂತಹ, ಒಂದಕ್ಕೊಂದು ನಂಟಿಲ್ಲದ ಮಾತುಗಳು ಕೈಕೈ ಹಿಡಿದು ಬರುತ್ತವೆ. ಕವಿಗೆ ಬೇಕಾದುದು ಆ ಪದಾರ್ಥಗಳಲ್ಲ, ಅಕ್ಷರಗಳು. ಜ್ಯೋತಿಷವನ್ನೋ ಸಂಗೀತಶಾಸ್ತ್ರವನ್ನೋ ಸ್ವಲ್ಪ ಓದಿದ ಮನೆಗಳಲ್ಲಿ ಕಟಪಯಾದಿಯೆಂಬ ಕ್ರಮವನ್ನು ಬಲ್ಲವರು ಇದ್ದೇ ಇರುವರು. ಕಕಾರದಿಂದ ಒಂಬತ್ತು ಅಕ್ಷರಗಳಿಗೆ 1ರಿಂದ 9, ಟಕಾರದಿಂದ ಒಂಬತ್ತು ಅಕ್ಷರಗಳಿಗೆ ಮತ್ತೆ 1ರಿಂದ 9, ಪಕಾರದಿಂದ ಐದಕ್ಕೆ 1ರಿಂದ 5, ಯಕಾರದಿಂದ ಎಂಟಕ್ಕೆ 1ರಿಂದ 8. ಞಕಾರ ನಕಾರಗಳು ಸೊನ್ನೆ. ಅಂಕಗಳು ನಡೆಯುವುದು ಎಡಕ್ಕಾದುದರಿಂದ ಮೊದಲ ಅಕ್ಷರವು ಏಕಸ್ಥಾನ. ಗಾಹೆಯ ಮೊದಲಕ್ಷರ ತಕಾರ, ಆದುದರಿಂದ 6. ಇಪ್ಪತ್ತೊಂಬತ್ತನೆಯದೂ ಕೊನೆಯದೂ ಆದ ಅಂಕಾಕ್ಷರ ಸಕಾರ, ಆದುದರಿಂದ 7. ಹೀಗೆ ಬಲದಿಂದ ಎಡಕ್ಕೆ ಬರೆಯುತ್ತ ಹೋದರೆ ಹುಟ್ಟುವ ಸಂಖ್ಯೆ ಇದು:

79228162514264337593543950336

ಪರ್ಯಾಪ್ತರಾದ, ಎಂದರೆ ದೇಹೇಂದ್ರಿಯಗಳು ಪೂರ್ಣಗೊಂಡ, ಮನುಷ್ಯರ ಒಟ್ಟು ಎಣಿಕೆ ಇಷ್ಟೆಂಬುದು ಗ್ರಂಥಕಾರರ ಸಿದ್ಧಾಂತ. ಜೈನರ ಲೋಕವಿಚಾರದಲ್ಲಿ ಮನುಷ್ಯಕ್ಷೇತ್ರವೆಂದರೆ ನಾವು ತಿಳಿದ ಭೂಗೋಳವೊಂದೇ ಅಲ್ಲ. ಎರಡೂವರೆ ದ್ವೀಪಗಳ ವಿಸ್ತಾರವಾದ ಪ್ರದೇಶ. ಆದುದರಿಂದ ಇದನ್ನು ಸರ್ಕಾರದ ಜನಗಣತಿಯ ಪಕ್ಕದಲ್ಲಿಟ್ಟು ನಗುವುದು ಸುಲಭವೂ ಹೌದು, ಅವಿವೇಕವೂ ಹೌದು. ಭೂಮಿಯ ಮೇಲಿನ ಜನ 800 ಕೋಟಿಯನ್ನು ಮುಟ್ಟಿತೆಂದು ವಿಶ್ವಸಂಸ್ಥೆಯು 2022ರ ನವೆಂಬರಿನಲ್ಲಿ ಸಾರಿತಷ್ಟೆ. ಒಂದನ್ನು ಮೂವತ್ತಮೂರು ಸಾರಿ ಇಮ್ಮಡಿಸಿದರೆ ಆ ಲೆಕ್ಕವನ್ನು ದಾಟಿಹೋಗುವೆವು. ಗಾಹೆಯ ಸಂಖ್ಯೆಗೆ ತೊಂಬತ್ತಾರು ಸಾರಿ ಇಮ್ಮಡಿಸಬೇಕು.

ಈ ತೊಂಬತ್ತಾರೆಂಬುದೇ ಇಲ್ಲಿನ ಸ್ವಾರಸ್ಯ. ಗ್ರಂಥಕಾರರು ಬಾಯಿಗೆ ಬಂದ ದೊಡ್ಡ ಸಂಖ್ಯೆಯೊಂದನ್ನು ಹೇಳಿ ಕೈತೊಳೆದುಕೊಂಡವರಲ್ಲ. ಎರಡನ್ನು ತೆಗೆದುಕೊಂಡು ಅದರ ವರ್ಗ, ಬಂದುದರ ವರ್ಗ, ಮತ್ತೆ ಅದರ ವರ್ಗ, ಹೀಗೆ ಸಾಗುವ ಪರಂಪರೆಗೆ ದ್ವಿರೂಪವರ್ಗಧಾರೆಯೆಂದು ಹೆಸರು. 4, 16, 256, ಆಮೇಲೆ 65536, ಐದನೆಯದು 4294967296, ಆರನೆಯದು 18446744073709551616. ಕೊನೆಯ ಮೂರಕ್ಕೂ ಪ್ರಾಕೃತದಲ್ಲಿ ಮುದ್ದಾದ ಹೆಸರುಗಳುಂಟು: ಪಣ್ಣಟ್ಠಿ, ಬಾದಾಲ, ಏಕಟ್ಠಿ. ಅರವತ್ತೈದು, ನಲವತ್ತೆರಡು, ಒಂದು-ಎಂಟು ಎಂದು ಆಯಾ ಸಂಖ್ಯೆಯ ಮೊದಲೆರಡು ಅಂಕಗಳನ್ನೇ ಹಿಡಿದು ಕರೆದ ಹೆಸರುಗಳಿವು. ಮನೆಯಲ್ಲಿ ಉದ್ದನೆಯ ಹೆಸರಿನ ಮಗುವನ್ನು ಮೊದಲೆರಡು ಅಕ್ಷರಗಳಿಂದ ಕೂಗುವಂತೆ. ಚದುರಂಗದ ಮಣೆಯ ಅರವತ್ತುನಾಲ್ಕು ಮನೆಗಳಲ್ಲಿ ಇಮ್ಮಡಿ ಇಮ್ಮಡಿಯಾಗಿ ಧಾನ್ಯವನ್ನು ಬೇಡಿದವನ ಕಥೆಯನ್ನು ಕೇಳದವರಿಲ್ಲ. ಆ ಧಾನ್ಯದ ಕಾಳುಗಳು ಏಕಟ್ಠಿಗೆ ಒಂದು ಕಡಿಮೆ. ಬಾದಾಲವನ್ನು ಏಕಟ್ಠಿಯಿಂದ ಗುಣಿಸಿದರೆ ಮನುಷ್ಯಸಂಖ್ಯೆ. ಆರನೆಯ ವರ್ಗವು ಐದನೆಯದರದೇ ವರ್ಗವಾದುದರಿಂದ ಇದನ್ನೇ ಐದನೆಯ ವರ್ಗದ ಘನವೆಂದೂ ಹೇಳಬಹುದು. ಅಂಕಗಳ ಗಾಹೆಗೆ ಮುಂಚಿನ ಗಾಹೆಯು ಹೇಳುವುದು ಹಾಗೆಯೇ. ಶ್ವೇತಾಂಬರರ ಅನುಯೋಗದ್ವಾರಸೂತ್ರದಲ್ಲಿಯೂ ಇದೇ ರಾಶಿಯ ಮಾತು ಬರುತ್ತದೆ: ಇಪ್ಪತ್ತೊಂಬತ್ತು ಸ್ಥಾನಗಳದು, ತೊಂಬತ್ತಾರು ಬಾರಿ ಅರ್ಧಿಸಬಹುದಾದುದು ಎಂದು.

ಒಂದು ಸಂಖ್ಯೆಯನ್ನು ಎಷ್ಟು ಬಾರಿ ಸರಿಯಾಗಿ ಅರ್ಧಿಸಬಹುದೋ ಅದಕ್ಕೆ ಅರ್ಧಚ್ಛೇದವೆಂಬ ಪರಿಭಾಷೆಯುಂಟು. ರಾಷ್ಟ್ರಕೂಟರ ಕಾಲದಲ್ಲಿ, 816ರಲ್ಲಿ, ವೀರಸೇನಾಚಾರ್ಯರು ಮುಗಿಸಿದ 'ಧವಲಾ' ಟೀಕೆಯಲ್ಲಿ ಈ ಅರ್ಧಚ್ಛೇದದ ವ್ಯವಹಾರವು ಧಾರಾಳವಾಗಿದೆ. ಮೂರರಿಂದ ಭಾಗಿಸುವ ತ್ರಿಕಚ್ಛೇದವೂ ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದವೂ ಇವೆ. ಎರಡು ರಾಶಿಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ ಎಂಬುದನ್ನು ಅವರು ಬಲ್ಲರು. 32 ಮತ್ತು 64 ಸೇರಿ 96 ಆಯಿತೆಂಬುದು ಇದೇ ನಿಯಮ. ಸ್ಕಾಟ್ಲೆಂಡಿನ ನೇಪಿಯರನು ಲಾಗರಿತಮುಗಳ ಕೋಷ್ಟಕವನ್ನು ಅಚ್ಚುಮಾಡಿಸಿದುದು 1614ರಲ್ಲಿ. ಅವನ ಕೋಷ್ಟಕದ ಉಪಯೋಗವೇ ಬೇರೆ, ಇವರ ಪರಿಭಾಷೆಯ ಉದ್ದೇಶವೇ ಬೇರೆ. ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ತೋಳು ತಟ್ಟುವುದಕ್ಕೆ ಇದು ಸ್ಥಳವಲ್ಲ. ಆದರೆ ಬೀಜವೊಂದೇ ಎಂಬುದನ್ನು ಅಲ್ಲಗಳೆಯುವುದೂ ನ್ಯಾಯವಾಗದು. ಆ ಧವಲಾ ಗ್ರಂಥವು ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದುದೂ, 1939ರಿಂದ ಅಚ್ಚಾಗತೊಡಗಿದುದೂ ಬೇರೆಯೇ ಒಂದು ಕಥೆ. ಗೊಮ್ಮಟಸಾರಕ್ಕೂ ಕನ್ನಡದ ಋಣವುಂಟು. 1359ರಲ್ಲಿ ಕೇಶವಣ್ಣನು ಕನ್ನಡದಲ್ಲಿ ಅದಕ್ಕೆ ವಿಸ್ತಾರವಾದ ವೃತ್ತಿಯನ್ನು ಬರೆದನು. ಸಂಸ್ಕೃತದ ಟೀಕೆ ಇದರಿಂದಲೇ ಹೊರಟುದೆಂದು ಉಪಾಧ್ಯೆಯವರು ತೋರಿಸಿಕೊಟ್ಟಿರುವರು. ಕನ್ನಡವು ಸಂಸ್ಕೃತಕ್ಕೆ ಸಾಲ ಕೊಟ್ಟ ಪ್ರಸಂಗಗಳು ಬಹಳವಿಲ್ಲ. ಇದು ಅವುಗಳಲ್ಲಿ ಒಂದು.

ಸಂಖ್ಯೆಯ ಸ್ವಭಾವವನ್ನು ಇನ್ನೂ ಸ್ವಲ್ಪ ಹೇಳಬೇಕು. ಇದರ ಹೊಟ್ಟೆಯಲ್ಲಿ ಎರಡಲ್ಲದೆ ಬೇರೆ ಯಾವ ಅವಿಭಾಜ್ಯವೂ ಇಲ್ಲ. ಇದರ ಭಾಜಕಗಳು ಒಟ್ಟು 97. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತನಗಿಂತ ಸರಿಯಾಗಿ ಒಂದು ಕಡಿಮೆ ಬರುತ್ತದೆ. ವರ್ಗವೂ ಹೌದು, ಘನವೂ ಹೌದು. ಆದರೂ ವರ್ಗಧಾರೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಆರನೆಯ ವರ್ಗಕ್ಕೂ ಏಳನೆಯದಕ್ಕೂ ನಡುವೆ ಎಲ್ಲಿಯೋ ನಿಂತಿದೆ. ಇದರ ಅಂಕಗಳನ್ನು ಕೂಡಿದರೆ 127, ಅದನ್ನು ಕೂಡಿದರೆ 10, ಮತ್ತೆ 1. ಆದುದರಿಂದ ಒಂಬತ್ತರಿಂದ ಭಾಗಿಸಿದರೆ ಶೇಷ 1. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಸಂಗತಿಯಲ್ಲಿ ಈ ಒಂಬತ್ತರ ಪರೀಕ್ಷೆಯು ಒಬ್ಬ ವಿದ್ವಾಂಸರನ್ನು ಇಪ್ಪತ್ತು ವರ್ಷಗಳ ಕಾಲ ಮೋಸಗೊಳಿಸಿತು.

ಐವತ್ತು ವರ್ಷಗಳಿಗೂ ಹಿಂದಿನ ಮಾತು. ಹೊಳೆನರಸೀಪುರದಲ್ಲಿ, ಹೇಮಾವತಿಯ ದಂಡೆಗೆ ಸಮೀಪವಾದ ಒಂದು ಬೀದಿಯಲ್ಲಿ, ಒಬ್ಬ ಶಾಸ್ತ್ರಿಗಳಿದ್ದರು. ವ್ಯಾಕರಣ ಜ್ಯೋತಿಷಗಳೆರಡರಲ್ಲಿಯೂ ಗಟ್ಟಿಗರು. ಗುಣಾಕಾರವನ್ನು ಬಾಯಲ್ಲಿಯೇ ಮಾಡುವರೆಂದು ಹೆಸರಾಗಿದ್ದರು. ಚಿಕ್ಕಂದಿನಲ್ಲಿ ಅವರು ಅರಕಲಗೂಡಿನಲ್ಲಿ ಗುರುಗಳೊಬ್ಬರ ಮನೆಯಲ್ಲಿದ್ದುಕೊಂಡು ಸಿದ್ಧಾಂತಭಾಗವನ್ನು ಓದಿದರು. ಅದೇ ಗುರುಗಳ ಬಳಿಗೆ ಚನ್ನರಾಯಪಟ್ಟಣದ ಕಡೆಯ ಜೈನ ಹುಡುಗನೊಬ್ಬನೂ ಬರುತ್ತಿದ್ದನು. ಗುರುಗಳು ಮಡಿವಂತರಾದರೂ ಪಾಠಕ್ಕೆ ಮಡಿ ಕಟ್ಟಿದವರಲ್ಲ. ಜಗಲಿಯ ಮೇಲೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕುಳ್ಳಿರಿಸಿ ಹೇಳಿಕೊಡುತ್ತಿದ್ದರು. ಹುಡುಗರಿಬ್ಬರಿಗೂ ಬಹಳ ಸ್ನೇಹ. ಒಂದು ದಿನ ಸಂಜೆ, ಮಳೆ ಬರುವ ಮುಂಚೆ, ಜೈನ ಹುಡುಗನು ತನ್ನ ತಂದೆಯಿಂದ ಕಲಿತ ಮನುಷ್ಯಸಂಖ್ಯೆಯ ಗಾಹೆಯನ್ನು ಹೇಳಿದನು. ಇವರಿಗೆ ಪ್ರಾಕೃತ ಬಾರದು. ಆದುದರಿಂದ ಮಾತನ್ನು ಬರೆದುಕೊಳ್ಳುವ ಗೋಜಿಗೆ ಹೋಗದೆ, ಅವನು ಒಂದೊಂದೇ ಅಕ್ಷರವನ್ನು ಹೇಳಿದಂತೆ ಮನಸ್ಸಿನಲ್ಲಿಯೇ ಅಂಕಕ್ಕೆ ತಿರುಗಿಸಿ ಬಲದಿಂದ ಎಡಕ್ಕೆ ಬರೆದುಕೊಂಡರು. ಬರೆದುದನ್ನು ಓದಿಯೂ ತೋರಿಸಿದರು. ಅವನ ನಾಲಗೆಯಲ್ಲಿದ್ದುದು ಅಕ್ಷರ, ಇವರ ಕಾಗದದಲ್ಲಿದ್ದುದು ಅಂಕ. ಅವನು ಹೌದೆಂದು ತಲೆದೂಗಿದನು. ಮಳೆ ಬಂತು, ಇಬ್ಬರೂ ಒಳಗೆ ಹೋದರು.

ವರ್ಷಗಳು ಕಳೆದುವು. ಹುಡುಗರಿಬ್ಬರೂ ಸಂಸಾರಿಗಳಾದರು, ಒಬ್ಬರು ಶಾಸ್ತ್ರಿಗಳೆಂದೂ ಒಬ್ಬರು ಪಂಡಿತರೆಂದೂ ಹೆಸರು ಪಡೆದರು. ಹಾಸನದಲ್ಲಿ ನಡೆದ ಒಂದು ವಿದ್ವತ್ಸಭೆಯಲ್ಲಿ ಪ್ರಾಚೀನರ ಮಹಾಸಂಖ್ಯೆಗಳ ವಿಷಯವಾಗಿ ಶಾಸ್ತ್ರಿಗಳ ಉಪನ್ಯಾಸವಾಯಿತು. ಕಲಿಯುಗದ 4,32,000, ಮಹಾಯುಗದ 43,20,000, ಕಲ್ಪದ 432 ಕೋಟಿ ಇವನ್ನೆಲ್ಲ ಹೇಳಿ, ಕಡೆಗೆ ಜೈನರ ಮನುಷ್ಯಸಂಖ್ಯೆಗೆ ಬಂದರು. ಉಪನ್ಯಾಸಕ್ಕಾಗಿ ಬಾದಾಲದ ಘನವನ್ನು ತಾವೇ ಮೂರು ಸಾರಿ ಗುಣಿಸಿ ನೋಡಿದ್ದರು. ಗಾಹೆಯದೆಂದು ಹಳೆಯ ಪುಸ್ತಕದಲ್ಲಿ ಬರೆದುಕೊಂಡಿದ್ದ ಸಂಖ್ಯೆಗೂ ಈ ಗುಣಲಬ್ಧಕ್ಕೂ ಎರಡು ಅಂಕಗಳಲ್ಲಿ ವ್ಯತ್ಯಾಸ ಕಂಡುಬಂದಿತ್ತು. ತಮ್ಮ ಗುಣಾಕಾರವನ್ನು ಒಂಬತ್ತರಿಂದ ಪರೀಕ್ಷಿಸಿದರು, ಸರಿಹೋಯಿತು. ಗಾಹೆಯ ಸಂಖ್ಯೆಯೂ ಅದೇ ಪರೀಕ್ಷೆಯಲ್ಲಿ ಸರಿಹೋಗುತ್ತದೆಯೆಂಬುದನ್ನು ನೋಡುವ ತಾಳ್ಮೆ ಅವರಿಗೆ ಉಳಿಯಲಿಲ್ಲ. ಮುಂಚಿನ ಗಾಹೆ ಒಂದು ಹೇಳುತ್ತದೆ, ಮುಂದಿನದು ಇನ್ನೊಂದು ಹೇಳುತ್ತದೆ, ಮೂಲದಲ್ಲಿಯೇ ಪೂರ್ವಾಪರವಿರೋಧವಿದೆ ಎಂದು ಸಭೆಯಲ್ಲಿ ಆಡಿಬಿಟ್ಟರು. ಒಂದಿಬ್ಬರು ನಕ್ಕರು.

ಮುಂದಿನ ಸಾಲಿನಲ್ಲಿಯೇ ಪಂಡಿತರು ಕುಳಿತಿದ್ದರು. ಅವರು ಎದ್ದು ಒಂದೇ ಒಂದು ಪ್ರಶ್ನೆಯನ್ನು ಕೇಳಿದರು: "ಯಾವ ಅಕ್ಷರ ತಪ್ಪಿದೆ?"

ಶಾಸ್ತ್ರಿಗಳ ಬಳಿ ಅಕ್ಷರವಿರಲಿಲ್ಲ. "ಅಕ್ಷರ ಯಾವುದಾದರೇನು? ಅಂಕ ತಪ್ಪಿದೆ. ನೀವು ಬೇಕಾದರೆ ಗುಣಿಸಿ ನೋಡಬಹುದು" ಎಂದರು.

ಒಂದೇ ಜಗಲಿಯ ಮೇಲೆ ಓದಿದವನನ್ನು ಶಾಸ್ತ್ರಿಗಳು ನೀವು ಎಂದು ಕರೆದುದು ಅಂದೇ ಮೊದಲು. ಪಂಡಿತರು ಕುಳಿತುಕೊಂಡರು; ಸಭೆ ಮುಗಿದ ಮೇಲೆ ಯಾರಿಗೂ ಹೇಳದೆ ಊರಿಗೆ ಹೊರಟುಹೋದರು. ಅಲ್ಲಿಂದಾಚೆಗೆ ಇವರ ಮನೆಯ ಉಪನಯನಕ್ಕೆ ಅವರು ಬರಲಿಲ್ಲ, ಅವರ ಮಗನ ಮದುವೆಗೆ ಇವರು ಹೋಗಲಿಲ್ಲ. ಅಚ್ಚಾದ ಗೊಮ್ಮಟಸಾರವೊಂದು ಕೈಗೆ ಸಿಕ್ಕಿದ್ದರೆ ಎಲ್ಲವೂ ಒಂದು ಗಳಿಗೆಯಲ್ಲಿ ತಿಳಿಯಾಗುತ್ತಿತ್ತು. ಆದರೆ ಅಂತಹ ಪುಸ್ತಕಕ್ಕಾಗಿ ಹುಡುಕಬೇಕೆಂಬ ಆಸೆ ಹುಟ್ಟುವುದು ಸಂಶಯವಿದ್ದವನಿಗೆ. ಶಾಸ್ತ್ರಿಗಳಿಗೆ ಸಂಶಯವಿರಲಿಲ್ಲ.

ಹೀಗೆ ಇಪ್ಪತ್ತು ವರ್ಷ. ಒಂದು ಬೇಸಗೆಯಲ್ಲಿ, ಹಾಸನದ ಹೈಸ್ಕೂಲಿನಲ್ಲಿ ಓದುತ್ತಿದ್ದ ಅವರ ಮೊಮ್ಮಗಳು ರಜಕ್ಕೆಂದು ಬಂದಳು. ಮಧ್ಯಾಹ್ನದ ಬಿಸಿಲಿನಲ್ಲಿ ಹೊಳೆಗೆ ಹೋಗುವೆನೆಂದು ಹಟಮಾಡುತ್ತಿದ್ದ ಹುಡುಗಿಯನ್ನು ಮನೆಯಲ್ಲಿ ನಿಲ್ಲಿಸುವ ಉಪಾಯವಾಗಿ ಶಾಸ್ತ್ರಿಗಳು ಹಳೆಯ ಪುಸ್ತಕವನ್ನು ತೆಗೆದು, "ಈ ಸಂಖ್ಯೆಯನ್ನು ತೊಂಬತ್ತಾರು ಸಾರಿ ಅರ್ಧಮಾಡು, ಕಡೆಗೆ ಒಂದು ಉಳಿಯುತ್ತೆ. ಉಳಿದರೆ ನಾಳೆ ಹೊಳೆಗೆ ಕರೆದುಕೊಂಡು ಹೋಗುತ್ತೇನೆ" ಎಂದು ಹೇಳಿ ಮಲಗಿದರು. ಆ ಹಾಳೆಯಲ್ಲಿದ್ದುವು ಎರಡು ಸಂಖ್ಯೆಗಳು. ಮೇಲಿನದು ಅವರ ಗುಣಲಬ್ಧ. ಕೆಳಗಿನದು ಅರಕಲಗೂಡಿನಲ್ಲಿ ಬರೆದುದು, ದಪ್ಪ ಅಕ್ಷರದಲ್ಲಿತ್ತು. ಹುಡುಗಿ ದಪ್ಪನೆಯದನ್ನೇ ಬರೆದುಕೊಂಡಳು:

79228162514263437593543950336

ಶಾಸ್ತ್ರಿಗಳು ಎದ್ದಾಗ ಅವಳು ಮುಖವನ್ನು ಊದಿಸಿಕೊಂಡು ಕುಳಿತಿದ್ದಳು. ಹದಿನಾಲ್ಕು ಸಾರಿ ಸರಾಗವಾಗಿ ಅರ್ಧವಾಯಿತು. ಅಲ್ಲಿಗೆ ಬಂದ ಸಂಖ್ಯೆಯ ಕೊನೆಯಲ್ಲಿ 9. ಇನ್ನು ಅರ್ಧವಾಗುವ ಹಾಗಿಲ್ಲ. "ಎಲ್ಲಿಯೋ ಎಡವಿದ್ದೀಯೆ ಮಗು, ಮತ್ತೆ ಮಾಡು" ಎಂದರು. ಮಾರನೆಯ ದಿನವೂ ಹದಿನಾಲ್ಕಕ್ಕೇ ನಿಂತಿತು. ಹುಡುಗಿಗೆ ಶಾಲೆಯಲ್ಲಿ ಹನ್ನೊಂದರ ಪರೀಕ್ಷೆಯನ್ನು ಹೇಳಿಕೊಟ್ಟಿದ್ದರು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಗಳನ್ನು ಕೂಡಿದಳು, 80 ಬಂತು, ಬಿಟ್ಟವುಗಳನ್ನು ಕೂಡಿದಳು, 47 ಬಂತು, ಕಳೆದರೆ 33.

"ತಾತ, ಇದು ಹನ್ನೊಂದರಿಂದ ಭಾಗವಾಗುತ್ತೆ. ಬರೀ ಎರಡುಗಳಿಂದ ಮಾಡಿದ ಸಂಖ್ಯೆ ಅಂದಿರಲ್ಲ, ಅದರೊಳಗೆ ಹನ್ನೊಂದು ಹೇಗೆ ಬಂತು?"

ಶಾಸ್ತ್ರಿಗಳು ಆಗ ಪುಸ್ತಕವನ್ನು ತೆಗೆದುಕೊಂಡು ನೋಡಿ ನಕ್ಕರು. "ನೀನು ಬರೆದುಕೊಂಡದ್ದು ಕೆಳಗಿನದು. ಅದು ಗಾಹೆಯದು, ಅವರ ಗ್ರಂಥದಲ್ಲೇ ತಪ್ಪಾಗಿದೆ. ಮೇಲಿನದನ್ನು ಮಾಡು."

ಹುಡುಗಿ ಎರಡನ್ನೂ ಒಂದರ ಕೆಳಗೊಂದು ಬರೆದು ಕಳೆದಳು. ಒಂದು 9, ಅದರ ಮುಂದೆ ಹದಿನಾಲ್ಕು ಸೊನ್ನೆಗಳು. ಜೈನರ ಎಣಿಕೆಯಲ್ಲಿ ಕೋಟಿಯನ್ನು ಕೋಟಿಯಿಂದ ಗುಣಿಸಿದ ರಾಶಿಗೆ ಕೋಡಾಕೋಡಿಯೆಂದು ಹೆಸರು; ವ್ಯತ್ಯಾಸವು ಸರಿಯಾಗಿ ಒಂಬತ್ತು ಕೋಡಾಕೋಡಿ. ಪಕ್ಕಪಕ್ಕದ ಎರಡು ಅಂಕಗಳು ಸ್ಥಳ ಬದಲಾಯಿಸಿಕೊಂಡರೆ ಬರುವ ವ್ಯತ್ಯಾಸವು ಯಾವಾಗಲೂ ಒಂಬತ್ತರ ಗುಣಿತವೇ ಆಗಿರುತ್ತದೆ. ಆದುದರಿಂದ ಒಂಬತ್ತರ ಪರೀಕ್ಷೆಗೆ ಅಂತಹ ತಪ್ಪು ಎಂದಿಗೂ ಸಿಕ್ಕುವುದಿಲ್ಲ. ಹನ್ನೊಂದರ ಪರೀಕ್ಷೆಯಲ್ಲಿ ಬೆಸ ಸ್ಥಾನದ ಅಂಕವೂ ಸಮ ಸ್ಥಾನದ ಅಂಕವೂ ಎದುರುಬದುರು ತೂಗುವುದರಿಂದ ಅದು ಕೂಡಲೇ ಸಿಕ್ಕಿಬೀಳುತ್ತದೆ. ನಿಜವಾದ ಸಂಖ್ಯೆಯನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ 9, ಇದರಲ್ಲಿ ಸೊನ್ನೆ. ಹದಿನಾಲ್ಕು ಅರ್ಧಗಳ ಗುಟ್ಟೂ ಇಲ್ಲಿಯೇ ಇದೆ: ಹದಿನಾಲ್ಕು ಸೊನ್ನೆಗಳೆಂದರೆ ಹದಿನಾಲ್ಕು ಹತ್ತುಗಳು, ಅವುಗಳೊಳಗೆ ಹದಿನಾಲ್ಕೇ ಎರಡುಗಳು, ತಪ್ಪು ತನ್ನಲ್ಲಿದ್ದಷ್ಟು ಎರಡುಗಳು ಮುಗಿಯುವವರೆಗೆ ನಿಜದ ಜೊತೆಯಲ್ಲಿಯೇ ನಡೆದು, ಅಲ್ಲಿ ಕೈಬಿಟ್ಟಿತು.

ಇಷ್ಟನ್ನೂ ಶಾಸ್ತ್ರಿಗಳು ನಿಂತ ನಿಲುವಿನಲ್ಲಿಯೇ ತಿಳಿದುಕೊಂಡರು. ಆದರೆ ಅವರನ್ನು ತಟ್ಟಿದುದು ಗಣಿತವಲ್ಲ. ಹುಡುಗಿಯು 34 ಮತ್ತು 43 ಇದ್ದ ಜಾಗದ ಮೇಲೆ ಬೆರಳಿಟ್ಟು, "ಈ ಕೆಳಗಿನದನ್ನು ಬರೆದದ್ದು ಯಾರು ತಾತ?" ಎಂದಳು.

"ನಾನೇ."

"ಬೋರ್ಡಿನ ಮೇಲಿದ್ದ ಲೆಕ್ಕ ಬರೆದುಕೊಳ್ಳುವಾಗ ನನಗೂ ಹೀಗೇ ಆಗುತ್ತೆ. ಬೋರ್ಡೇ ತಪ್ಪು ಅಂತ ಮೇಷ್ಟ್ರಿಗೆ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ."

ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಬಲದಿಂದ ಎಣಿಸಿದರೆ ಹದಿನಾಲ್ಕನೆಯದು 3, ಹದಿನೈದನೆಯದು 3, ಹದಿನಾರನೆಯದು 4. ಮೂರು, ಮೂರು, ನಾಲ್ಕು ಎಂದು ಬರುವ ಕಡೆ ಅವಸರದ ಕೈಯು ಮೂರು, ನಾಲ್ಕು, ಮೂರು ಎಂದು ಬರೆಯುವುದು ಎಷ್ಟು ಸಹಜ! ಆದರೂ ಸಹಜವೆಂದಮಾತ್ರಕ್ಕೆ ಹಾಗೆಯೇ ನಡೆಯಿತೆಂದು ಸಾಧಿಸಿದಂತಾಗಲಿಲ್ಲ. ತಪ್ಪು ಹೇಳಿದವನದೋ ಬರೆದವನದೋ? ಅಂಕಗಳು ಇದಕ್ಕೆ ಉತ್ತರ ಹೇಳಲಾರವು. 34 ಎಂಬುದು ಯಾರ ಬಾಯಿಂದ ಬಂದಿತೆಂಬುದು 34ರ ಮುಖದ ಮೇಲೆ ಬರೆದಿಲ್ಲ. ಉತ್ತರ ಹೇಳಬಲ್ಲುದು ಅಕ್ಷರವೊಂದೇ. ಏಕೆಂದರೆ ಅಕ್ಷರಕ್ಕೆ ಗುರುಲಘುಗಳುಂಟು. ಗಾಹೆಯ ಪೂರ್ವಾರ್ಧದಲ್ಲಿ ಮೂವತ್ತು ಮಾತ್ರೆ. ನಾಲ್ಕು ನಾಲ್ಕು ಮಾತ್ರೆಯ ಗಣಗಳು. ಆರನೆಯ ಗಣದಲ್ಲಿ ಲಘು-ಗುರು-ಲಘುವಾದ ಜಗಣವೋ, ನಾಲ್ಕೂ ಲಘುಗಳೋ ಇರಬೇಕು. ಎರಡು ಅಕ್ಷರಗಳು ಸ್ಥಳ ಬದಲಾಯಿಸಿದರೆ, ಅವು ಒಂದು ಗುರು ಒಂದು ಲಘುವಾಗಿದ್ದ ಪಕ್ಷದಲ್ಲಿ, ಛಂದಸ್ಸು ಅದನ್ನು ಸಹಿಸುವುದಿಲ್ಲ. ಪ್ರಾಕೃತ ಬಾರದಿದ್ದರೂ ಛಂದಸ್ಸು ಅವರಿಗೆ ಬಾರದ ವಿದ್ಯೆಯಲ್ಲ. ಹಾಸನದ ಸಭೆಯಲ್ಲಿ ಪಂಡಿತರು ಯಾವ ಅಕ್ಷರವೆಂದು ಏಕೆ ಕೇಳಿದರೆಂಬುದು ಶಾಸ್ತ್ರಿಗಳಿಗೆ ಹೊಳೆದುದು ಆ ರಾತ್ರಿ. ಗಾಹೆಯ ಧಾಟಿ ಮಾತ್ರ ಕಿವಿಯಲ್ಲಿತ್ತು. ಅಕ್ಷರಗಳನ್ನು ನೆನಪಿಗೆ ತಂದುಕೊಳ್ಳಲು ಎಷ್ಟು ಹೆಣಗಿದರೂ ಆಗಲಿಲ್ಲ.

ಒಂದು ಕಾರ್ಡು ಬರೆದು ಕೇಳಬಹುದಾಗಿತ್ತು. ಮನೆಯವರೂ ಹಾಗೆಯೇ ಹೇಳಿದರು. ಶಾಸ್ತ್ರಿಗಳು ಬೆಳಗಿನ ಸಂಧ್ಯಾವಂದನೆಯನ್ನು ಮುಗಿಸಿ, ಹಳೆಯ ಪುಸ್ತಕವನ್ನು ಪಂಚೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದರು.

ಪಂಡಿತರ ಮನೆಯನ್ನು ಹುಡುಕಿಕೊಂಡು ಹೋಗುವಾಗ ಮಧ್ಯಾಹ್ನ ಕಳೆದಿತ್ತು. ಅವರಿಗೆ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತೆಂಬ ಸಂಗತಿ ಶಾಸ್ತ್ರಿಗಳಿಗೆ ತಿಳಿದುದು ನಡುಮನೆಯಲ್ಲಿ ನಿಂತಮೇಲೆ. ಸೊಸೆ ಬಂದವರ ಹೆಸರನ್ನು ಹೇಳಿದಳು. ಪಂಡಿತರು ಮಾತನಾಡಲಿಲ್ಲ, ಕುಳಿತಿದ್ದ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗಮಾಡಿದರು.

ಶಾಸ್ತ್ರಿಗಳು ಕುಳಿತುಕೊಂಡು, "ಹಾಸನದಲ್ಲಿ ನೀನು ಒಂದು ಪ್ರಶ್ನೆ ಕೇಳಿದೆ. ಉತ್ತರ ತಂದಿದ್ದೇನೆ. ಹದಿನೈದನೆಯದು, ಹದಿನಾರನೆಯದು" ಎಂದರು.

ಪಂಡಿತರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಯಾವ ಪೀಠಿಕೆಯೂ ಇಲ್ಲದೆ ಗಾಹೆಯನ್ನು ಹೇಳತೊಡಗಿದರು. ಅರಕಲಗೂಡಿನಲ್ಲಿ ಹೇಳಿದಂತೆ ಅವಸರವಾಗಿಯಲ್ಲ; ಓಲೆಯನ್ನು ಬೆರಳಿನಿಂದ ತಡವಿಕೊಂಡು ಹೋಗುವಂತೆ ಒಂದೊಂದೇ ಅಕ್ಷರವಾಗಿ. ಶಾಸ್ತ್ರಿಗಳ ಹೆಬ್ಬೆರಳು ತಾನಾಗಿಯೇ ಗೆಣ್ಣುಗಳ ಮೇಲೆ ಮಾತ್ರೆಗಳನ್ನು ಎಣಿಸತೊಡಗಿತು. ಒಂದು ಗಣ, ಎರಡು, ಮೂರು, ನಾಲ್ಕು. ಹದಿನಾಲ್ಕನೆಯ ಅಕ್ಷರ ದೀರ್ಘ, ಹದಿನೈದನೆಯದೂ ದೀರ್ಘ, ಐದನೆಯ ಗಣ ಎರಡು ಗುರುಗಳಿಂದ ತುಂಬಿತು. ಹದಿನಾರನೆಯದು ಹ್ರಸ್ವ, ಅದು ಮುಂದಿನ ಎರಡನ್ನು ಕೂಡಿಕೊಂಡು ಜಗಣವಾಗಿ, ಆರನೆಯ ಗಣದಲ್ಲಿ ಇರಬೇಕಾದಂತೆ ಕುಳಿತಿತು. ಅವೆರಡೂ ಸ್ಥಳ ಬದಲಾಯಿಸಿದ್ದರೆ ಐದನೆಯ ಗಣವು ಒಂದು ಗುರುವಿನ ನಡುವೆ ಒಡೆದುಹೋಗುತ್ತಿತ್ತು, ಆರನೆಯದು ನಿಲ್ಲುತ್ತಲೇ ಇರಲಿಲ್ಲ. ನಾಲಗೆ ತಪ್ಪಿದವನಿಗೆ ಕಿವಿ ಕೂಡಲೇ ಹೇಳಿಬಿಡುವಂತಹ ತಪ್ಪು ಅದು. ಬರೆದವನಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ.

ಗಾಹೆ ಮುಗಿಯಿತು. ಶಾಸ್ತ್ರಿಗಳು ಪುಸ್ತಕವನ್ನು ಬಿಚ್ಚಿ, ತೋರಿಸಬೇಕೆಂದಿದ್ದ ಹಾಳೆಯನ್ನು ತೆರೆದು, ಎದುರಿನವರಿಗೆ ಕಾಣಿಸುವುದಿಲ್ಲವೆಂಬುದನ್ನು ನೆನೆದು ಮತ್ತೆ ಮುಚ್ಚಿದರು. "ಬರೆದದ್ದು ನನ್ನ ಕೈ. ಸಭೆಯಲ್ಲಿ ಆಡಿದ್ದು ನನ್ನ ಬಾಯಿ. ಎರಡೂ ನನ್ನವೇ" ಎಂದರು.

"ಅವತ್ತೇ ನಿನ್ನ ಪುಸ್ತಕ ತೋರಿಸು ಅನ್ನಬಹುದಾಗಿತ್ತು. ನಾನೂ ಅನ್ನಲಿಲ್ಲ. ನೀವು ಅಂದೆಯಲ್ಲ, ಅದಕ್ಕೆ" ಎಂದರು ಪಂಡಿತರು. ಸ್ವಲ್ಪ ಹೊತ್ತಾದ ಮೇಲೆ, "ಹೊತ್ತು ಮುಳುಗುವುದರೊಳಗೆ ಹಾಲು ಹಣ್ಣಾದರೂ ತೆಗೆದುಕೊಳ್ಳಯ್ಯ. ಆಮೇಲೆ ಈ ಮನೆಯಲ್ಲಿ ಏನೂ ಸಿಕ್ಕುವುದಿಲ್ಲ, ನಿನಗೆ ಗೊತ್ತೇ ಇದೆ" ಎಂದು ಸೊಸೆಯನ್ನು ಕೂಗಿದರು.

ಶಾಸ್ತ್ರಿಗಳು ಆ ರಾತ್ರಿ ಅಲ್ಲಿಯೇ ಉಳಿದರು. ಮುಂಚಿನ ಗಾಹೆಯನ್ನೂ ಅಂಕಗಳ ಗಾಹೆಯನ್ನೂ, ಈ ಸಲ ಅಕ್ಷರಗಳಲ್ಲಿಯೇ, ಪಂಡಿತರಿಂದ ಹೇಳಿಸಿಕೊಂಡು ಬರೆದುಕೊಂಡರು. ಪ್ರತಿಯೊಂದು ಗಣವಾದ ಮೇಲೆಯೂ ನಿಲ್ಲಿಸಿ ಓದಿ ಒಪ್ಪಿಸಿದರು. ಹಳೆಯ ಹಾಳೆಯಲ್ಲಿದ್ದ ದಪ್ಪ ಅಕ್ಷರದ ಸಂಖ್ಯೆಯನ್ನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ ಲೇಖಕನ ದೋಷವೆಂದು ಮಾತ್ರ ಬರೆದರು.

ಮರುದಿನ ಸಂಜೆ ಹೊಳೆನರಸೀಪುರಕ್ಕೆ ಬಂದು ಮನೆಯ ಮೆಟ್ಟಿಲು ಹತ್ತಿದಾಗ ಹುಡುಗಿ ಜಗಲಿಯ ಮೇಲೆ ಬೋರಲಾಗಿ ಮಲಗಿ ಲೆಕ್ಕ ಮಾಡುತ್ತಿದ್ದಳು. ಮೇಲಿನ ಸಂಖ್ಯೆಯನ್ನು ಎಪ್ಪತ್ತೊಂದು ಸಾರಿ ಅರ್ಧಮಾಡಿಯಾಗಿತ್ತು. ಹಲಗೆಯ ಮೇಲೆ 33554432 ಎಂದಿತ್ತು. ತಾತನನ್ನು ಕಂಡು ತಲೆಯೆತ್ತದೆಯೇ, ಇನ್ನು ಇಪ್ಪತ್ತೈದೇ ಉಳಿದಿದೆ, ಮಾತನಾಡಿಸಬೇಡಿ ಎಂದಳು.